ಏಳನೆಯ ಗುಂಡು

ಓಟರ್ ಕ್ರೀಕ್, ಮಿಶಿಗನ್
26 ಆಗಸ್ಟ್ 1974

ತೌನೋ,

ಈ ಕಥೆಯನ್ನು ಮೊದಲು ಹೇಳಿದವನು ಉರ್ಹೋ ಪೆಲ್ಟೋಲಾ. ಮೊನ್ನೆ ಶನಿವಾರ ಸಂಜೆ ರೈಫಲ್ ಕ್ಲಬ್ಬಿನ ಸೌನಾದ ಹಬೆಕೋಣೆಯಿಂದ ಹೊರಬಂದು, ಬೆನ್ನಿನಿಂದ ಹಬೆ ಏಳುತ್ತಿರುವಾಗಲೇ ಮೆಟ್ಟಿಲ ಮೇಲೆ ಕೂತು ಹೇಳಿದ. ನಾನು ಒಳಗೆ ಕಾಫಿ ಲೋಟ ತೊಳೆಯುತ್ತಿದ್ದೆ. ಕಿಟಕಿ ತೆರೆದಿತ್ತು. ತೆರೆದಿದೆ ಎಂದು ಅವನಿಗೂ ಗೊತ್ತಿತ್ತು.

"ಕೇಳ್ರಪ್ಪಾ, ಸತ್ತ ಐನೋ ಲಾಕ್ಸೋನ ಮಗಳು ಸೈಮಿ ಅಪ್ಪನ ಜಾಗದಲ್ಲಿ ನಿಲ್ತೀನಿ ಅಂತ ಬಂದ್ಲು. ಮೊದಲ್ನೇ ಎರಡು ಗುಂಡು ಜೋರಾಗೇ ಹೋಯ್ತು. ಆಮೇಲೆ ಎಂಟು ತುಂಬಿದ್ಲು. ಆರು ಹೋಯ್ತು. ಏಳನೇದಕ್ಕೆ ರೈಫಲ್ಲಿಗೇ ಬೇಜಾರಾಗಿ ಬಾಯಿ ಕಚ್ಕೊಂಡು ಕೂತ್ಬಿಡ್ತು! ಗಡಿಯಾರ ಓಡ್ತಾ ಇದೆ, ಇವಳು ಎಳೀತಾಳೆ, ಗುದ್ದುತಾಳೆ. ಅಲ್ಲಮ್ಮಾ, ಅದೇನು ಏಲಕ್ಕಿ ಬ್ರೆಡ್ಡಿನ ಹಿಟ್ಟಾ, ನಾದಿದ್ರೆ ಮೆತ್ತಗಾಗೋಕೆ?"

ಎಲ್ಲರೂ ನಕ್ಕರು. ಕಿವಿ ಕೇಳದ ಮುದುಕ ಸುಲೋ ಕೂಡ, ಏನೆಂದು ಗೊತ್ತಿಲ್ಲದಿದ್ದರೂ, ಬಾಯಿ ತೆರೆದು ನಕ್ಕ.

ನನ್ನನ್ನು ಉರಿಸಿದ್ದು ಅದಲ್ಲ. ಆಮೇಲೆ ಅವನು ತಣ್ಣಗೆ ಒಂದು ಮಾತು ಸೇರಿಸಿದ. "ಬಿಡ್ರಪ್ಪಾ, ಅವರಪ್ಪಂದೂ ಹಂಗೇ ಆಗಿತ್ತಲ್ಲ, ಐವತ್ತೊಂಬತ್ತರಲ್ಲಿ. ಹೆಂಡ್ತಿ ಸತ್ತ ಮೇಲೆ ಐನೋ ಕೈ ನಡುಗೋಕೆ ಶುರುವಾಯ್ತು. ಲಾಕ್ಸೋಗಳ ನರಾನೇ ಅಷ್ಟು." ಹದಿನೈದು ವರ್ಷದ ಹಿಂದೆಯೂ ಅವನು ಇದೇ ಮೆಟ್ಟಿಲ ಮೇಲೆ ಇದೇ ಮಾತು ಹೇಳಿದ್ದ. ಅಪ್ಪ ಕೇಳಿಸಿಕೊಂಡರು, ಟೋಪಿ ಹಾಕಿಕೊಂಡರು, ಮನೆಗೆ ಬಂದರು. ಮರುದಿನವೂ ಅದರ ಮಾತೆತ್ತಲಿಲ್ಲ.

ಕ್ಲಬ್ಬಿನ ನಿಯಮ ನಿನಗೆ ಗೊತ್ತು. ಸತ್ತ ಸದಸ್ಯನ ಜಾಗ ಅವನ ಮಕ್ಕಳಲ್ಲಿ ಒಬ್ಬರಿಗೆ, ಗಡಿಯಾರದ ಹೊತ್ತಿನೊಳಗೆ ಹತ್ತು ಗುಂಡು ಹಾರಿಸುವ ಪರೀಕ್ಷೆಯಲ್ಲಿ ಗೆದ್ದರೆ. ಎರಡೇ ಅವಕಾಶ. ಒಂದು ಮುಗಿಯಿತು. ಇನ್ನೊಂದು ಬರುವ ಮೇ ತಿಂಗಳಲ್ಲಿ. ಅದೂ ಹೋದರೆ ಗುಂಡು ಹಾರಿಸುವ ಸಾಲಿನಲ್ಲಿ ಅಪ್ಪನದಾಗಿದ್ದ ನಾಲ್ಕನೆಯ ಜಾಗ ಉರ್ಹೋನ ಅಳಿಯನಿಗೆ. ಇವತ್ತಿನವರೆಗೆ ಆ ಸಾಲಿನಲ್ಲಿ ಹೆಂಗಸು ನಿಂತಿಲ್ಲ. ಮೇ ಆದ ಮೇಲೂ ನಿಲ್ಲಬಾರದೆಂದು ಉರ್ಹೋನ ಆಸೆ.

ಈಗ ನೀನು ಹೇಳು. ಜುಲೈಯಲ್ಲಿ ಏನು ಬರೆದಿದ್ದೆ? "ಹೊಸ ಸ್ಪ್ರಿಂಗು ತರಿಸಿದೆ, ಅಕ್ಕ. ರೈಫಲ್ ತಯಾರಾಗಿದೆ." ಅಪ್ಪನ ಗ್ಯಾರಂಡ್‌ನಂಥ ಸೈನ್ಯದ ರೈಫಲ್ಲಿನಲ್ಲಿ ಆ ಒಂದೇ ಸ್ಪ್ರಿಂಗು ಎರಡು ಕೆಲಸ ಮಾಡುತ್ತದೆ, ಹಿಂದೆ ಹೋದ ಬೋಲ್ಟನ್ನು ಮುಂದಕ್ಕೆ ತಳ್ಳಿ ಗುಂಡನ್ನು ನಳಿಗೆಗೆ ನೂಕುತ್ತದೆ, ಕೆಳಗಿನ ಗುಂಡನ್ನು ಮೇಲಕ್ಕೆ ಎತ್ತುತ್ತದೆ ಎಂದು ನನಗೆ ಹೇಳಿಕೊಟ್ಟವನು ನೀನೇ. ಏಳನೆಯ ಗುಂಡು ಮೇಲೆ ಬರಲಿಲ್ಲ. ಬೋಲ್ಟ್ ಅದರ ತಲೆಯ ಮೇಲೆ ಜಾರಿ ಸಿಕ್ಕಿಕೊಂಡಿತು. ಬೆಳಿಗ್ಗೆ ತಪಾಸಣೆಯಲ್ಲಿ, ಸ್ಪ್ರಿಂಗಿನ ಉದ್ದ ಅಳೆಯಲೆಂದು ಕ್ಲಬ್ಬಿನ ಗೋಡೆಯ ಮೇಲೆ ಎಳೆದ ಎರಡು ಗೀಟುಗಳ ಪಕ್ಕ ಸ್ಪ್ರಿಂಗು ಹಿಡಿದಾಗ ಉದ್ದ ಸರಿಯಾಗಿಯೇ ಇತ್ತು. ಹಾಗಾದರೆ ನೀನು ಏನು ಕೆಡಿಸಿ ಕಳಿಸಿದೆ?

ನಿನ್ನ ಅಕ್ಕ ಎಂದು ಬರೆಯಲು ಇವತ್ತು ಮನಸ್ಸಿಲ್ಲ.

ಸೈಮಿ

*

ಗ್ಲೋಬ್, ಅರಿಜೋನಾ
4 ಸೆಪ್ಟೆಂಬರ್ 1974

ಅಕ್ಕ,

ಕೆಡಿಸಿ ಕಳಿಸಿದೆನೇ? ನಲವತ್ತು ಡಿಗ್ರಿ ಬಿಸಿಲಲ್ಲಿ ಹನ್ನೆರಡು ಗಂಟೆ ಗಣಿಯ ಯಂತ್ರಗಳನ್ನು ಬಿಚ್ಚಿ ಜೋಡಿಸಿ ಬಂದು, ರಾತ್ರಿ ಕೂತು ಅಪ್ಪನ ರೈಫಲ್ಲಿನ ಒಂದೊಂದು ಭಾಗವನ್ನೂ ಒರೆಸಿದವನು ನಾನು. ಸ್ಪ್ರಿಂಗು ಕೊಂಡ ರಸೀದಿ ಇದೆ. ಬೇಕಾದರೆ ಚೌಕಟ್ಟು ಹಾಕಿಸಿ ಕಳಿಸುತ್ತೇನೆ.

ನೀನು ಏನು ಹಚ್ಚಿದೆ ಅದಕ್ಕೆ? ಹೊಲಿಗೆ ಯಂತ್ರದ ಎಣ್ಣೆಯೇ? ಅದು ರೈಫಲ್, ನಿನ್ನ ಹೊಲಿಗೆ ಯಂತ್ರವಲ್ಲ. ಎಣ್ಣೆ ಎರಡು ಗುಂಡಿಗೆ ಹಾರಿಹೋಗುತ್ತದೆ. ಗ್ರೀಸು ಬೇಕು. ಗುಂಡು ಯಾವುದು? ಉರ್ಹೋನ ಅಂಗಡಿಯ ಹಳೆಯ ಡಬ್ಬಿಯದೇ? ತುಂಬುವಾಗ ಬೋಲ್ಟ್ ಹೆಬ್ಬೆರಳಿಗೆ ಬಡಿದೀತೆಂದು ಹೆದರಿ, ಎಂಟು ಗುಂಡು ಕೂರಿಸಿದ ಕ್ಲಿಪ್ಪನ್ನು ಅರ್ಧ ಒತ್ತಿ ಬಿಟ್ಟೆಯಾ? ಇದನ್ನೆಲ್ಲ ನೋಡದೆ ತಮ್ಮನ ಮೇಲೆ ಹಾಕುವುದು ಸುಲಭ.

ಇನ್ನೊಂದು ಮಾತು. ಆ ಗಂಡಸರ ಮುಂದೆ ಹೋಗಿ ನಿಲ್ಲು ಎಂದು ನಿನಗೆ ಹೇಳಿದವರು ಯಾರು? ಅಪ್ಪನ ಜಾಗ ಹೋದರೆ ಹೋಗಲಿ. ನಾಲ್ಕು ಅಡಿ ನೆಲ ಅದು.

ತೌನೋ

*

ಓಟರ್ ಕ್ರೀಕ್
12 ಸೆಪ್ಟೆಂಬರ್ 1974

ತೌನೋ,

ಗ್ರೀಸೇ ಹಚ್ಚಿದ್ದೆ. ಅಪ್ಪನ ಡಬ್ಬಿಯದು, ಅವರು ತೋರಿಸಿಕೊಟ್ಟ ಜಾಗಗಳಿಗೆ, ಅವರ ಹಾಗೆಯೇ ಬೆಂಕಿಕಡ್ಡಿಯಿಂದ. ಗುಂಡು ಹೊಸದು, ಹ್ಯಾನ್‌ಕಾಕ್ ಪೇಟೆಯಿಂದ ತರಿಸಿದ್ದು. ಕ್ಲಿಪ್ಪು ತಳದವರೆಗೆ ಹೋಗಿತ್ತು. ಹೋಗದಿದ್ದರೆ ಆರು ಗುಂಡು ಹಾರುತ್ತಿದ್ದವೇ, ಪಂಡಿತ?

ನಾಲ್ಕು ಅಡಿ ನೆಲವಂತೆ! ಗಣಿ ಮುಚ್ಚಿದ ವರ್ಷ ಈ ಊರಿನ ಅರ್ಧಕ್ಕರ್ಧ ಜನ ಗಂಟು ಕಟ್ಟಿಕೊಂಡು ಹೋದರು. ನೀನೂ ಹೋದೆ. ಅಪ್ಪ ಹೋಗಲಿಲ್ಲ. ಕೆಲಸವಿಲ್ಲದ ಮನುಷ್ಯ ಶನಿವಾರಕ್ಕೊಮ್ಮೆ ಆ ನಾಲ್ಕು ಅಡಿಯಲ್ಲಿ ಮಲಗಿ, ಗಣಿಯ ಕಲ್ಲುಗುಡ್ಡೆಗೆ ಒರಗಿಸಿದ ಗುರಿಹಲಗೆ ನೋಡುತ್ತಿದ್ದರು. ವಾರದಲ್ಲಿ ಅವರು ನೆಟ್ಟಗೆ ಉಸಿರಾಡುತ್ತಿದ್ದ ಜಾಗ ಅದೊಂದೇ. ನೀನು ಕಂಡಿಲ್ಲ. ನೀನು ಬಂದದ್ದು ಅವರನ್ನು ಹೂಳುವ ದಿನ. ಕಾಫಿ ಆರುವ ಮುಂಚೆಯೇ ಗೋಡೆಯಿಂದ ರೈಫಲ್ ಇಳಿಸಿ, "ರಿಪೇರಿ ಮಾಡಿ ಕಳಿಸ್ತೀನಿ" ಎಂದು ಎತ್ತಿಕೊಂಡು ಹೋದೆ.

ಈಗ ಅರ್ಥವಾಗುತ್ತಿದೆ. ನಾನು ಅಲ್ಲಿ ನಿಲ್ಲುವುದು ಉರ್ಹೋನಿಗೆ ಬೇಡ. ನಿನಗೂ ಬೇಡ. ಒಂದು ವ್ಯತ್ಯಾಸವಿದೆ. ಅವನು ಅದನ್ನು ಮುಖದ ಮೇಲೆ ಹೇಳುತ್ತಾನೆ.

ಸೈಮಿ

*

ಗ್ಲೋಬ್
30 ಸೆಪ್ಟೆಂಬರ್ 1974

ಅಕ್ಕ,

ಒಂದೇ ಪ್ರಶ್ನೆ. ಗುಂಡು ಹಾರಿದಾಗ ರೈಫಲ್ಲಿನ ಸದ್ದು ಕೇಳಿಸಿಕೊಂಡೆಯಾ? ಅಷ್ಟು ಬರೆ. ಬೇರೆ ಏನೂ ಬರೆಯಬೇಡ.

ತೌನೋ

*

ಓಟರ್ ಕ್ರೀಕ್
19 ಜನವರಿ 1975

ತೌನೋ,

ನಿನ್ನ ಪ್ರಶ್ನೆಯನ್ನು ಲೇವಡಿ ಎಂದುಕೊಂಡೆ. ಅದಕ್ಕೇ ಉತ್ತರ ಬರೆಯಲಿಲ್ಲ. ಕ್ರಿಸ್‌ಮಸ್ಸಿಗೂ ಬರೆಯಲಿಲ್ಲ. ನೀನೂ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ, ಏಕೆಂದರೆ ಈಗ ನನಗೆ ಗೊತ್ತಾಗಿದೆ.

ನಮ್ಮ ಹಿತ್ತಲಿನ ಬಾಗಿಲ ಸ್ಪ್ರಿಂಗು ಸಡಿಲಾಗಿ ಬಾಗಿಲು ಮುಚ್ಚುತ್ತಿರಲಿಲ್ಲ. ಹೊರಗೆ ಎದೆಮಟ್ಟ ಹಿಮ, ಅಡುಗೆಕೋಣೆಯ ತುಂಬ ಚಳಿ. ನನ್ನ ಗಂಡ ವಿಕ್ಟರ್ ಇದ್ದಾನಲ್ಲ, ಒಂದು ಡಾಲರು ಕೊಟ್ಟು ಹೊಸದು ತರುವ ಬದಲು, ನಿಮ್ಮೆಲ್ಲ ಗಂಡಸರ ಹಾಗೆ ಕೊಟ್ಟಿಗೆಗೆ ಹೋಗಿ ಅದರಲ್ಲೇ ಏನೋ ಮಾಡಿ ತಂದ. "ನೋಡು, ಹೊಸದರ ಹಂಗಾಯ್ತು," ಎಂದ. ಆಗಿತ್ತು. ನಾಲ್ಕು ದಿನ ಬಾಗಿಲು ಪಟ್ ಎಂದು ಮುಚ್ಚಿಕೊಂಡಿತು. ಐದನೆಯ ದಿನ ಮತ್ತೆ ಬಾಯಿ ತೆರೆದು ನಿಂತಿತು.

ನಾನು ಲೋಟ ಅಲ್ಲೇ ಇಟ್ಟು ಹೋಗಿ ರೈಫಲ್ ಬಿಚ್ಚಿದೆ. ನೀನು ಕಳಿಸಿದ ಸ್ಪ್ರಿಂಗನ್ನು ಕ್ಲಬ್ಬಿಗೆ ಒಯ್ದು ಗೋಡೆಯ ಗೀಟಿನ ಪಕ್ಕ ಹಿಡಿದೆ. ಆಗಸ್ಟಿನ ಆ ಬೆಳಿಗ್ಗೆ ಮೇಲಿನ ಗೀಟಿಗೆ ಮುಟ್ಟಿದ್ದು ಈಗ ಕೆಳಗಿನ ಗೀಟಿಗಿಂತ ಎರಡು ಬೆರಳು ಗಿಡ್ಡ! ಇಪ್ಪತ್ತು ಮೂವತ್ತು ಗುಂಡಿಗೆ ಯಾವ ಹೊಸ ಸ್ಪ್ರಿಂಗೂ ಹಾಗೆ ಕುಗ್ಗುವುದಿಲ್ಲ. ದೀಪದ ಕೆಳಗೆ ಹಿಡಿದು ನೋಡಿದೆ. ನಡುವೆ ಸುತ್ತುಗಳು ದೂರ ದೂರ, ತುದಿಯಲ್ಲಿ ಒತ್ತೊತ್ತಾಗಿ. ತುದಿಯ ಸುತ್ತಿನ ಮೇಲೆ ಇಕ್ಕಳದ ಹಲ್ಲಿನ ಗುರುತು.

ಅಪ್ಪನ ಹಳೆಯ ಸ್ಪ್ರಿಂಗನ್ನೇ ನೀನು, ವಿಕ್ಟರನ ಹಾಗೆಯೇ, ಒಂದು ತುದಿ ಇಕ್ಕಳಕ್ಕೆ ಸಿಕ್ಕಿಸಿ ಎಳೆದು, ಹೊಸದರಷ್ಟು ಉದ್ದ ಮಾಡಿ, ಒಳಗೆ ಹಾಕಿ ಕಳಿಸಿದೆ. ನಾನು ಅಳೆದು ನೋಡುತ್ತೇನೆಂದು ಗೊತ್ತಿದ್ದೇ ಅಳತೆಗೆ ಸರಿಯಾಗಿ ಎಳೆದೆ. ಆಮೇಲೆ ಗ್ರೀಸು ಎಂದೆ, ಹೆಬ್ಬೆರಳು ಎಂದೆ, ಹೊಲಿಗೆ ಯಂತ್ರ ಎಂದೆ. ಆ ಮೆಟ್ಟಿಲ ಮೇಲೆ ಅವರು ನಗುತ್ತಿದ್ದಾಗ ನೀನೂ ಅವರ ನಡುವೆ ಕೂತು ನಕ್ಕ ಹಾಗಾಯಿತು ನನಗೆ.

ಹೊಸದನ್ನು ಏನು ಮಾಡಿದೆ? ಮಾರಿಕೊಂಡೆಯಾ?

ಸೈಮಿ

*

ಗ್ಲೋಬ್
8 ಫೆಬ್ರವರಿ 1975

ಅಕ್ಕ,

ಹೊಸ ಸ್ಪ್ರಿಂಗು ಈ ಪೊಟ್ಟಣದಲ್ಲಿದೆ. ಜುಲೈಯಲ್ಲಿ ಹಾಕಿ ಎರಡು ಕ್ಲಿಪ್ಪು ಹಾರಿಸಿ ನೋಡಿದ್ದೆ. ರೈಫಲ್ ಒಮ್ಮೆಯೂ ನಿಲ್ಲಲಿಲ್ಲ. ಆದರೆ ಅದು ಅಪ್ಪನ ಸದ್ದಾಗಿರಲಿಲ್ಲ.

ತೌನೋ

*

ಓಟರ್ ಕ್ರೀಕ್
2 ಮಾರ್ಚ್ 1975

ತೌನೋ,

ನಿನ್ನ ನಾಲ್ಕು ಸಾಲು ಓದಿ ಒಲೆಗೆ ಹಾಕಲು ಹೋದೆ. ಹಾಕಲಿಲ್ಲ.

ನನಗೂ ನೆನಪಿದೆ. ಶನಿವಾರ ನಾವಿಬ್ಬರೂ ಮನೆಯ ಹಿಂದಿನ ಮೆಟ್ಟಿಲ ಮೇಲೆ ಆಲೂಗೆಡ್ಡೆ ಹೆರೆಯುತ್ತಾ ಕಾಡಿನಾಚೆಯ ಗುಂಡಿನ ಸದ್ದು ಕೇಳುತ್ತಿದ್ದದ್ದು. ಹತ್ತು ರೈಫಲ್ಲುಗಳಲ್ಲಿ ಅಪ್ಪನದು ಯಾವುದೆಂದು ನೀನು ಪ್ರತಿ ಸಲ ಹೇಳುತ್ತಿದ್ದೆ. ಗುಂಡಿನ ಹಿಂದೆಯೇ ಸಡಿಲವಾಗಿ ಒಂದು 'ಝಣ' ಬರುತ್ತಿತ್ತು. ನಾನು ನಂಬುತ್ತಿರಲಿಲ್ಲ. ಅಷ್ಟು ದೂರದಿಂದ ಹೇಗೆ ಕೇಳುತ್ತದೆ ಎಂದು ಜಗಳವಾಡುತ್ತಿದ್ದೆ.

ಆದರೂ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಹಳೆಯ ಸ್ಪ್ರಿಂಗನ್ನೇ ಬಿಟ್ಟು ಅಪ್ಪನ ಸದ್ದನ್ನು ನೀನು ಉಳಿಸಿಕೊಂಡೆ, ಅವಮಾನವನ್ನು ನನಗೆ ಕಳಿಸಿದೆ. "ಅಕ್ಕ, ನನ್ನ ಕೈಯಿಂದ ಆಗಲಿಲ್ಲ" ಎಂದು ಬರೆದಿದ್ದರೆ ನಾನೇ ಸ್ಪ್ರಿಂಗು ತರಿಸಿ ಹಾಕುತ್ತಿದ್ದೆ.

ಹೊಸದನ್ನು ಹಾಕಿದೆ. ಮೊದಲ ದಿನವೇ ಬೋಲ್ಟ್ ನನ್ನ ಹೆಬ್ಬೆರಳಿನ ಉಗುರು ಕಿತ್ತುಕೊಂಡಿತು. ಹಳೆಯದು ಸೋಮಾರಿ, ಬೆರಳು ತೆಗೆಯುವವರೆಗೆ ಕಾಯುತ್ತಿತ್ತು. ಇದು ಕಾಯುವುದಿಲ್ಲ. ನಾಲ್ಕು ಕ್ಲಿಪ್ಪು ಹಾರಿಸಿದೆ. ಏಳನೆಯದು ಹೋಯಿತು, ಎಂಟನೆಯದೂ ಹೋಯಿತು, ನಾಲ್ಕು ಸಲವೂ. ಸದ್ದು ಗಿಡ್ಡ, ಬಿಗಿ. ಝಣ ಇಲ್ಲ.

ಆಗ ನನ್ನ ತಲೆಗೆ ಇನ್ನೊಂದು ಹೊಳೆಯಿತು, ತೌನೋ. ನಾನು ಆ ಬಿಳಿ ಹಿಮದಲ್ಲಿ ಹಾಗೆಯೇ ಕೂತುಬಿಟ್ಟೆ. ನಿನಗೆ ಸ್ಪ್ರಿಂಗು ಎಳೆಯುವುದನ್ನು ಕಲಿಸಿದವರು ಯಾರು? ಅಪ್ಪ. ಅಪ್ಪನಿಗೆ? ಈ ಊರು. ಕೆಲಸವಿಲ್ಲದ ವರ್ಷಗಳಲ್ಲಿ ಇಲ್ಲಿ ಯಾರೂ ಯಾವ ಸ್ಪ್ರಿಂಗನ್ನೂ ಎಸೆದವರಲ್ಲ. ಮಂಚದ್ದನ್ನೂ, ಬಾಗಿಲದ್ದನ್ನೂ, ರೈಫಲ್ಲಿನದನ್ನೂ ಎಳೆದೆಳೆದು ಹಾಕಿದವರೇ. ತಪಾಸಣೆಯ ಹಿಂದಿನ ಶುಕ್ರವಾರ ಇಡೀ ಕ್ಲಬ್ಬು ಎಳೆಯುತ್ತದೆ. ಶನಿವಾರ ಬೆಳಿಗ್ಗೆ ಗೋಡೆಯ ಗೀಟಿನ ಪಕ್ಕ ಹಿಡಿದು, "ಸರಿ ಇದೆ" ಎನ್ನುತ್ತದೆ. ಆ ಗೀಟು ಉದ್ದ ಅಳೆಯುತ್ತದೆ. ಬಲವನ್ನು ಅಳೆಯುವುದಿಲ್ಲ. ಆಮೇಲೆ ಯಾರದಾದರೂ ರೈಫಲ್ ಏಳನೆಯದಕ್ಕೆ ನಿಂತರೆ, ಅವನ ನರ ಸರಿಯಿಲ್ಲ, ಅವನು ಕುಡಿದಿದ್ದ, ಅವನ ಹೆಂಡತಿ ಸತ್ತಳು ಎನ್ನುತ್ತದೆ.

ಅಪ್ಪನ ಕೈ ನಡುಗಲಿಲ್ಲ, ತೌನೋ. ಹದಿನೈದು ವರ್ಷ ಆ ಮಾತು ಹೊತ್ತುಕೊಂಡು ಓಡಾಡಿದರು. ನಾನೂ ಅದನ್ನು ನಂಬಿದ್ದೆ. ಅದಕ್ಕೇ ಅವರ ಲೋಟಕ್ಕೆ ಕಾಫಿ ಅರ್ಧವೇ ಹಾಕುತ್ತಿದ್ದೆ, ಚೆಲ್ಲುತ್ತದೆಂದು. ಅವರು ಏನೂ ಅನ್ನದೆ ಅರ್ಧ ಲೋಟವನ್ನೇ ಕುಡಿಯುತ್ತಿದ್ದರು.

ಬಲ ಅಳೆಯುವುದು ಹೇಗೆ? ಕ್ಲಬ್ಬಿನ ಮೇಜಿನ ಮೇಲೆ, ಎಲ್ಲರ ಕಣ್ಣೆದುರು, ಮಾತಿಗೆ ಜಾಗವಿಲ್ಲದ ಹಾಗೆ. ಯಂತ್ರದವನು ನೀನು. ಬರೆ.

ಸೈಮಿ

*

ಗ್ಲೋಬ್
11 ಮಾರ್ಚ್ 1975

ಅಕ್ಕ,

ನಿನ್ನ ಕಾಗದವನ್ನು ಗಣಿಗೆ ಒಯ್ದು ಊಟದ ಹೊತ್ತಿನಲ್ಲಿ ಓದಿದೆ. ಓದಿ ಮುಗಿಸಿ ಅಲ್ಲಿದ್ದ ಪೀಪಾಯಿಗೆ ಒದ್ದೆ. ಕಾಲ್ಬೆರಳು ಬಾತಿದೆ. ಉರ್ಹೋ ಸಿಕ್ಕಿದ್ದರೆ ಪೀಪಾಯಿ ಉಳಿಯುತ್ತಿತ್ತು.

ಹಲಗೆಯಲ್ಲಿ ನೆಟ್ಟಗೆ ಒಂದು ತೆಳು ಸರಳು ನಿಲ್ಲಿಸು. ಸ್ಪ್ರಿಂಗನ್ನು ಅದಕ್ಕೆ ತೊಡಿಸು. ಅಪ್ಪನ ಕೊಟ್ಟಿಗೆಯಲ್ಲಿ ಗಣಿಯ ಕೊರೆಯುವ ಯಂತ್ರದ ಕಬ್ಬಿಣದ ಬಳೆಗಳಿವೆ. ಅವನ್ನು ಒಂದೊಂದಾಗಿ ಸರಳಿಗೆ ಇಳಿಬಿಡು. ಹೊಸ ಸ್ಪ್ರಿಂಗು ಎಲ್ಲಿ ನಿಲ್ಲುತ್ತದೋ ಅಲ್ಲಿ ಸರಳಿಗೆ ಗುರುತು ಹಾಕು. ಎಳೆದದ್ದು ಅಷ್ಟೇ ಭಾರಕ್ಕೆ ಅದಕ್ಕಿಂತ ಕೆಳಗೆ ಕುಸಿಯುತ್ತದೆ. ಭಾರ ತೆಗೆದ ಮೇಲೆ ಮೊದಲಿನ ಉದ್ದಕ್ಕೆ ಬರುವುದೂ ಇಲ್ಲ. ವಾದ ಮಾಡಲು ಏನೂ ಉಳಿಯುವುದಿಲ್ಲ.

ಇನ್ನೂ ಗಟ್ಟಿ ಸ್ಪ್ರಿಂಗು ಸಿಗುತ್ತದೆ ಎಂದು ಯಾರಾದರೂ ಅಂದರೆ ಕೇಳಬೇಡ. ಅತಿ ಗಟ್ಟಿಯಾದರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗದೆ ಅರ್ಧಕ್ಕೇ ತಿರುಗಿ ಓಡಿ ಬರುತ್ತದೆ. ಆಗಲೂ ಗುಂಡು ಸಿಗುವುದಿಲ್ಲ. ಸೈನ್ಯ ಯಾವುದನ್ನು ಹಾಕಿತ್ತೋ ಅದೇ ಸಾಕು.

ಅಪ್ಪನ ಸ್ಪ್ರಿಂಗನ್ನೇ ಮೊದಲು ಇಡು. ನಮ್ಮದನ್ನು ಬಚ್ಚಿಟ್ಟು ಕ್ಲಬ್ಬಿನವರದನ್ನು ತೋರಿಸಬೇಡ. ಅದನ್ನು ಎಳೆದವನು ನಾನು ಎಂದೂ ಹೇಳು. ಹೆಸರು ಹಿಡಿದೇ ಹೇಳು.

ಆ ಜಾಗ ಹೋಗಲಿ ಎಂದು ಬರೆದಿದ್ದೆನಲ್ಲ. ನೀನು ಅಲ್ಲಿ ನಿಲ್ಲಬಾರದೆಂದು ಬರೆದದ್ದಲ್ಲ ಅದು. ಕಳಿಸಿದ ದಿನದಿಂದ ಆ ಸ್ಪ್ರಿಂಗು ನನ್ನ ಹೊಟ್ಟೆಯಲ್ಲೇ ಇತ್ತು.

ತೌನೋ

*

ಓಟರ್ ಕ್ರೀಕ್
19 ಮೇ 1975

ತೌನೋ,

ಪರೀಕ್ಷೆಯ ಹಿಂದಿನ ದಿನ, ಶುಕ್ರವಾರ ಸಂಜೆ, ಕ್ಲಬ್ಬಿನಲ್ಲಿ ಊಟಕ್ಕೆ ಎಲ್ಲರೂ ಸೇರಿದ್ದರು. ಮೀನಿನ ಸಾರು, ರೈ ಬ್ರೆಡ್ಡು. ಉರ್ಹೋ ಬೀರು ಎತ್ತಿ, "ಸೈಮಿ, ನಾಳೆಗೆ ಹಿಟ್ಟು ನಾದಿಟ್ಟಿದೀಯಾ?" ಎಂದ. ಎಲ್ಲರೂ ನಗಲು ಬಾಯಿ ತೆರೆದರು.

"ನಾದಿಟ್ಟಿದೀನಿ ಉರ್ಹೋ. ಒಂದು ಕತೆ ಹೇಳ್ತೀನಿ, ಕೂತ್ಕೋ. ನೀನು ಹೇಳಿದ್ದೇ ಕತೆ. ಅರ್ಧ ಹೇಳಿ ಬಿಟ್ಟಿದ್ದೆ."

ಹೇಳಿದೆ. ಬಾಗಿಲ ಸ್ಪ್ರಿಂಗಿನಿಂದ ಶುರುಮಾಡಿದೆ. ನಿನ್ನ ಹೆಸರು ಹೇಳಿದೆ, ನೀನು ಎಳೆದದ್ದು ಹೇಳಿದೆ. ಸಾರಿನ ಪಾತ್ರೆ ಸರಿಸಿ ಹಲಗೆ ಇಟ್ಟು ಅಪ್ಪನ ಸ್ಪ್ರಿಂಗಿಗೆ ಬಳೆ ಇಳಿಬಿಟ್ಟೆ. ಅದು ಕಾಲು ಸೋತ ದನದ ಹಾಗೆ ಕೂತುಬಿಟ್ಟಿತು. ಅದನ್ನು ತೆಗೆದು ಹೊಸದನ್ನು ಇಟ್ಟೆ. ಅದೇ ಬಳೆಗಳು, ಗುರುತಿನ ಹತ್ತಿರ ನಿಂತವು. ಸುಲೋ ಕತ್ತು ಚಾಚಿ, "ಇನ್ನೊಂದ್ಸಲ ಮಾಡಮ್ಮ, ಕಾಣಿಸ್ಲಿಲ್ಲ," ಎಂದ. ಇನ್ನೊಂದು ಸಲ ಮಾಡಿದೆ.

ಉರ್ಹೋ ಎದ್ದ. "ಸೋತೋರಿಗೆಲ್ಲ ಒಂದು ನೆಪ ಬೇಕು. ಇವಳು ಸ್ಪ್ರಿಂಗಿನ ತಲೆಗೆ ಕಟ್ತಾ ಇದಾಳೆ," ಎಂದು ಹೊರಟುಹೋದ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ತಟ್ಟೆಗಳನ್ನು ನಾನೇ ತೊಳೆದೆ, ಕಿಟಕಿ ತೆರೆದಿಟ್ಟುಕೊಂಡೇ. ಅವತ್ತು ಮೆಟ್ಟಿಲ ಮೇಲೆ ಯಾರೂ ಕೂರಲಿಲ್ಲ.

ಇನ್ನು ಮರುದಿನ ಬೆಳಿಗ್ಗೆ ಅವರು ಏನು ಮಾಡಿದರು ಕೇಳು.

ನಾನು ಹೋಗುವಷ್ಟರಲ್ಲಿ ಎಲ್ಲರ ಕಾರುಗಳೂ ನಿಂತಿದ್ದವು. ಒಳಗೆ ಗಂಡಸರೆಲ್ಲ ಮೇಜಿನ ಮುಂದೆ ಸಾಲುಗಟ್ಟಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಸ್ಪ್ರಿಂಗು. ನನ್ನ ಹಲಗೆಯ ಮೇಲೆ ಒಬ್ಬರಾದ ಮೇಲೊಬ್ಬರು ಇಡುತ್ತಿದ್ದರು, ಅದು ಕುಸಿಯುತ್ತಿತ್ತು, ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಸುಲೋನದು ಬಳೆ ಮುಟ್ಟುವ ಮೊದಲೇ ಮಲಗಿತು. "ನಮ್ಮಿಬ್ರದ್ದೂ ಒಂದೇ ವಯಸ್ಸು," ಎಂದ.

ಕೊನೆಯಲ್ಲಿ ಉರ್ಹೋ. ತನ್ನದನ್ನು ಇಟ್ಟ. ಕುಸಿಯಿತು. ಅಳಿಯನದನ್ನು ಇಟ್ಟ. ಅದೂ ಕುಸಿಯಿತು. ಎರಡನ್ನೂ ತೆಗೆದು ಜೇಬಿಗೆ ಹಾಕಿಕೊಂಡ.

"ಹೊಸದು ಎಲ್ಲಿ ಸಿಗುತ್ತೆ, ಸೈಮಿ?"

"ನನ್ನ ತಮ್ಮನಿಗೆ ಗೊತ್ತು. ಮೊದಲು ನೀನು ಹೇಳು. ನಮ್ಮಪ್ಪನ ಕೈ ನಡುಗ್ತಿತ್ತಾ?"

ಅವನು ಸುತ್ತ ನೋಡಿದ. ಯಾರೂ ಅವನ ಸಹಾಯಕ್ಕೆ ಬರಲಿಲ್ಲ.

"ಇಲ್ಲ," ಎಂದ, ಕೋಟಿನ ಗುಂಡಿಗೆ ಹೇಳುವ ಹಾಗೆ.

"ಜೋರಾಗಿ ಹೇಳು. ಸುಲೋಗೆ ಕಿವಿ ಕೇಳಲ್ಲ."

"ನಡುಗ್ತಿರ್ಲಿಲ್ಲ!" ಎಂದು ಕಿರುಚಿದ. "ಐನೋ ಕೈ ನಡುಗ್ತಿರ್ಲಿಲ್ಲ, ಸಾಕಾ?"

ಸಾಕಾಗಲಿಲ್ಲ, ತೌನೋ. ನಿನಗೆ ಬರೆಯುವಾಗಲೂ ಸಾಕಾಗಿಲ್ಲ. ಅದನ್ನು ಕೇಳಬೇಕಾಗಿದ್ದವರು ಮಣ್ಣಿನಡಿಯಲ್ಲಿದ್ದಾರೆ.

ಸುಲೋ ಜೇಬಿನಿಂದ ಚಾಕು ತೆಗೆದು ಗೋಡೆಯ ಎರಡು ಗೀಟುಗಳನ್ನೂ ಕೆರೆದುಹಾಕಿದ. ಉಳಿದವರು ತಮ್ಮ ರೈಫಲ್ಲುಗಳನ್ನು ಕಾರಿನಲ್ಲಿಟ್ಟು ಬಾಗಿಲು ಮುಚ್ಚಿ ಬಂದರು. ಹೊಸ ಸ್ಪ್ರಿಂಗು ಬರುವವರೆಗೆ ಯಾರೂ ಹಾರಿಸುವುದಿಲ್ಲವಂತೆ. ನನ್ನ ಪರೀಕ್ಷೆ ಮಾತ್ರ ನಡೆಯಲಿ ಎಂದರು. ನಾನು ನಾಲ್ಕನೆಯ ಜಾಗದಲ್ಲಿ ಚಾಪೆ ಹಾಸಿ ಮಲಗಿದೆ. ಅವರೆಲ್ಲ ಹಿಂದೆ ಬಂದು ನಿಂತರು. ಉರ್ಹೋ ಗಡಿಯಾರ ಹಿಡಿದ.

ಎರಡು ಹಾರಿಸಿದೆ. ಎಂಟು ತುಂಬಿದೆ. ಉಗುರು ಈ ಸಲ ಉಳಿಯಿತು. ಮೊದಲು ಎಣಿಸಲು ಶುರುಮಾಡಿದವನು ಸುಲೋ. ಅವನಿಗೆ ಗುಂಡಿನ ಸದ್ದೂ ಅಷ್ಟಾಗಿ ಕೇಳುವುದಿಲ್ಲ, ಎದೆಗೆ ಬಡಿದದ್ದನ್ನು ಎಣಿಸುತ್ತಿದ್ದ. ಆಮೇಲೆ ಎಲ್ಲರ ದನಿಯೂ ಸೇರಿತು. ನಾಲ್ಕು. ಐದು. ಆರು.

"ಏಳು!" ಎಂದರು ಎಲ್ಲರೂ.

ಎಂಟನೆಯದೂ ಹೋಯಿತು, ಗಡಿಯಾರ ಇನ್ನೂ ಓಡುತ್ತಿತ್ತು. ಖಾಲಿ ಕ್ಲಿಪ್ಪು ಠಿಂಗೆಂದು ಹಾರಿ ಕಲ್ಲಿನ ಮೇಲೆ ಬಿತ್ತು. ಉರ್ಹೋ ಬಗ್ಗಿ ಅದನ್ನು ಎತ್ತಿ, ಒರೆಸಿ, ನನ್ನ ಚಾಪೆಯ ಮೇಲೆ ಇಟ್ಟ.

ನಿನ್ನ ಅಕ್ಕ,
ಸೈಮಿ